ಇ ಡ್ರೈವಿನಲ್ಲಿ ಇದ್ದದ್ದು

ಶಿವಾಜಿನಗರದ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಎರಡು ಆಟೋ ಎದುರುಬದುರಾದರೆ ಒಂದು ಹಿಂದಕ್ಕೆ ಸರಿಯಲೇಬೇಕಾದ ಗಲ್ಲಿಯಲ್ಲಿ ಖುರ್ಷೀದಾ ಅವರ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ಮುಕ್ಕಾಲು ಪಾಲು ಜಾಗವನ್ನು ಆರು ಹೆಡ್ಡಿನ ಹೊಲಿಗೆ ಮಷಿನ್ ನುಂಗಿಕೊಂಡಿತ್ತು. ಉಳಿದ ಮೂಲೆಯಲ್ಲಿ ದಾರದ ರೀಲುಗಳ ಕಪಾಟು, ಗಿರಾಕಿಗಳಿಗೆ ಎರಡು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರ್.

ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ಹಂಸ. ಗಿರಾಕಿ ಒಂದು ಚಿತ್ರ ತಂದುಕೊಟ್ಟರೆ, ಯಾವ ಎಲೆಗೆ ಯಾವ ಕಡೆಯಿಂದ ಹೊಲಿಗೆ ಬೀಳಬೇಕು, ಯಾವ ಬಣ್ಣದ ದಾರ ಮೊದಲು, ಯಾವುದು ಆಮೇಲೆ ಎಂದು ಪರದೆಯ ಮೇಲೆ ಗೆರೆಗೆರೆಯಾಗಿ ಕೂರಿಸುವುದು ಅವಳ ಕೆಲಸ. ಹಾಗೆ ಮಾಡಿದ ಡಿಸೈನನ್ನು ಪೆನ್ ಡ್ರೈವಿಗೆ ಹಾಕಿ ಕೊಟ್ಟರೆ ಅಹ್ಮದ್ ಪಾಷಾ ಅದನ್ನು ಮಷಿನ್ನಿಗೆ ಚುಚ್ಚುತ್ತಿದ್ದರು. ಆರೂ ಸೂಜಿಗಳು ಒಟ್ಟಿಗೆ ಅದನ್ನೇ ಹೊಲಿಯುತ್ತಿದ್ದವು. ಶಾಲೆಯ ಬ್ಯಾಡ್ಜು, ಮದುವೆಯ ರವಿಕೆ ತೋಳು, ಹಲಸೂರಿನ ದೇವಸ್ಥಾನದ ಛತ್ರಿಯ ಅಂಚು, ಕುಕ್ ಟೌನಿನ ಬ್ಯಾಂಡಿನವರ ಕೋಟಿನ ಮೇಲಿನ ಕಹಳೆ, ಎಲ್ಲವೂ ಹಂಸಳ ಕೈಯಿಂದಲೇ ಹೊರಟು ಊರು ಸೇರಿದ್ದವು.

ಅವಳ ಮನೆ ಕೆ.ಆರ್. ಪುರದಲ್ಲಿ. ಗಂಡನ ಮನೆಯವರಿಗೆ ಒಂದು ಕಾಲದಲ್ಲಿ ರಾಗಿ ಹೊಲ ಇತ್ತು. ಈಗ ಅದೇ ಹೊಲದ ಮೇಲೆ ಬಾಡಿಗೆ ಮನೆಗಳು ಎದ್ದಿವೆ. ಸೊಸೆ ದಿನಾ ಮೆಟ್ರೋ ಹತ್ತಿ ದುಡಿಯಲು ಹೋಗಬೇಕಾದ ಅಗತ್ಯವೇನು ಎಂದು ಅತ್ತೆ ಮುನಿಶಾಮಮ್ಮ ಆಗಾಗ ಕೇಳುವುದುಂಟು. ಹಂಸ ನಕ್ಕು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಮದುವೆಗೆ ಮೊದಲೇ ಸೇರಿದ ಕೆಲಸ ಅದು. ಖುರ್ಷೀದಾ ಆಪಾ ಅವಳಿಗೆ ಕುರ್ಚಿ ಕೊಟ್ಟು ಕೂರಿಸಿ ಕಲಿಸಿದವರು. ಬೇರೆ ಎಲ್ಲಿಯೂ ಅವಳಿಲ್ಲದಿದ್ದರೆ ನಡೆಯುವುದಿಲ್ಲ ಎನ್ನುವಂಥ ಜಾಗ ಅವಳಿಗಿರಲಿಲ್ಲ. ಅಲ್ಲಿ ಇತ್ತು.

ಕಂಪ್ಯೂಟರಿನ ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಎಂಬ್ರಾಯ್ಡರಿಯ ಸಾಫ್ಟ್‌ವೇರ್ ಹಳೆಯದು, ಹಳೆಯ ವಿಂಡೋಸಿನಲ್ಲಿ ಮಾತ್ರ ಓಡುವಂಥದ್ದು. ಬಿಲ್ಲು, ತೆರಿಗೆ, ಇಮೇಲು, ಗಿರಾಕಿಗಳು ಕಳಿಸುವ ಫೋಟೋ ಇವಕ್ಕೆಲ್ಲ ಹೊಸ ವಿಂಡೋಸ್ ಬೇಕು. ಖುರ್ಷೀದಾ ಅವರ ಮಗ ನಯಾಜ್ ಮಾರತ್ತಹಳ್ಳಿಯ ಒಂದು ಆಫೀಸಿನಲ್ಲಿ ಕಂಪ್ಯೂಟರುಗಳನ್ನೇ ನೋಡಿಕೊಳ್ಳುವವನು. ಅವನು ಹಳೆಯದನ್ನು ಹಾಗೇ ಬಿಟ್ಟು, ಪಕ್ಕಕ್ಕೆ ಒಂದು ಸಣ್ಣ ಹೊಸ ಡಿಸ್ಕ್ ಸಿಕ್ಕಿಸಿ ಅದರಲ್ಲಿ ಹೊಸ ವಿಂಡೋಸ್ ಹಾಕಿಕೊಟ್ಟಿದ್ದ. ಸ್ವಿಚ್ ಹಾಕಿದಾಗ ಯಾವುದು ಬೇಕು ಎಂದು ಪರದೆ ಕೇಳುತ್ತದೆ. ಆರಿಸಿಕೊಂಡದ್ದು ತೆರೆದುಕೊಳ್ಳುತ್ತದೆ. ಒಂದು ತೆರೆದಿರುವಾಗ ಇನ್ನೊಂದು ಮಲಗಿರುತ್ತದೆ.

ಹೊಸ ವಿಂಡೋಸಿನಲ್ಲಿ ಕೂರುತ್ತಿದ್ದವಳು ನಯಾಜನ ಹೆಂಡತಿ ಮಿಸ್ಬಾ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಿ.ಕಾಂ ಓದಿದ ಹುಡುಗಿ, ಮಾತು ಕಡಿಮೆ. ಬೆಳಗ್ಗೆ ಬಂದು ಬಿಲ್ಲು, ಇಮೇಲು ಮುಗಿಸಿ, ಕಂಪ್ಯೂಟರ್ ಆರಿಸಿ ಮೇಲೆ ಹೋಗುತ್ತಿದ್ದಳು. ಆಮೇಲೆ ಹಂಸ ಬಂದು ಹಳೆಯ ವಿಂಡೋಸ್ ತೆರೆದು ಕೂರುತ್ತಿದ್ದಳು. ಒಂದೇ ಕುರ್ಚಿ, ಒಂದೇ ಪರದೆ. ಆದರೆ ಇಬ್ಬರೂ ಒಟ್ಟಿಗೆ ಅದರ ಮುಂದೆ ಕೂತದ್ದೇ ಇಲ್ಲ.

ಹೀಗಿರುವಾಗ ಒಂದು ಸಣ್ಣ ವಿಷಯ ನಡೆಯಿತು. ಒಬ್ಬ ಗಿರಾಕಿ ಮಗಳ ಮದುವೆಯ ರವಿಕೆಗೆಂದು ಒಂದು ಬಳ್ಳಿಯ ಫೋಟೋ ಕಳಿಸಿದ್ದರು. ಮಿಸ್ಬಾ ಅದನ್ನು ಡಿ ಡ್ರೈವಿನಲ್ಲಿ ಹಾಕಿದ್ದೇನೆ ಎಂದು ಹೇಳಿ ಹೋದಳು. ಹಂಸ ತನ್ನ ಡಿ ಡ್ರೈವನ್ನೆಲ್ಲ ಜಾಲಾಡಿದರೂ ಫೋಟೋ ಸಿಗಲಿಲ್ಲ. ಮರುದಿನ ಬೆಳಗ್ಗೆ ಮಿಸ್ಬಾ ತನ್ನ ಕಡೆಯಿಂದ ತೆರೆದು ತೋರಿಸಿದಾಗ ಫೋಟೋ ಡಿ ಡ್ರೈವಿನಲ್ಲೇ ಕೂತಿತ್ತು. ನಿನ್ನೆ ಹಾಕಲು ಮರೆತು ಇವತ್ತು ಬೆಳಗ್ಗೆ ಸದ್ದಿಲ್ಲದೆ ಹಾಕಿದ್ದಾಳೆ ಎಂದು ಹಂಸ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಳು. ಆ ವಾರವೇ ಯಾವುದೋ ಮಾತಿನ ನಡುವೆ, ಹುಡುಗಿ ಒಳ್ಳೆಯವಳೇ, ಕೆಲಸದಲ್ಲಿ ಮಾತ್ರ ಸ್ವಲ್ಪ ಅಡ್ಡಾದಿಡ್ಡಿ ಎಂದು ಖುರ್ಷೀದಾ ಅವರ ಕಿವಿಗೆ ಹಾಕಿದಳು. ಕೆಡುಕೆಣಿಸಿ ಆಡಿದ ಮಾತಲ್ಲ. ಆದರೆ ಅತ್ತೆಯ ಕಿವಿಗೆ ಬಿದ್ದ ಮಾತು ಅಲ್ಲಿಗೇ ನಿಲ್ಲುವುದಿಲ್ಲವಲ್ಲ.

ಮುನಿಶಾಮಮ್ಮನ ಕಣ್ಣಿಗೆ ಪೊರೆ ಬಂದಿತ್ತು. ತೋರಿಸಲೆಂದು ಹಂಸ ಒಂದು ದಿನ ರಜೆ ಹಾಕಿ ಇಂದಿರಾನಗರದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಣ್ಣಿಗೆ ಔಷಧಿ ಬಿಟ್ಟು ಕೂರಿಸಿದ್ದರು. ಅತ್ತೆ ಕಣ್ಣು ಮುಚ್ಚಿಕೊಂಡೇ, ಸರದಿ ಬಂತಾ, ಬಂತಾ ಎಂದು ಕೇಳುತ್ತಿದ್ದರು. ಆಗ ಮಿಸ್ಬಾಳ ಫೋನ್ ಬಂತು. ಬ್ಯಾಂಡಿನವರು ದೊಡ್ಡ ದೊಡ್ಡ ಫೋಟೋ ಕಳಿಸಿದ್ದಾರೆ, ಇಳಿಸಿಕೊಳ್ಳಲು ಕಂಪ್ಯೂಟರಿನಲ್ಲಿ ಜಾಗವೇ ಇಲ್ಲ ಎನ್ನುತ್ತಿದೆ, ಯಾವುದನ್ನಾದರೂ ಖಾಲಿ ಮಾಡಬಹುದೇ ಎಂದು ಕೇಳಿದಳು.

ಹಂಸ ಒಂದು ಕ್ಷಣವೂ ಯೋಚಿಸಲಿಲ್ಲ. ಅವಳ ಇ ಡ್ರೈವಿನಲ್ಲಿ ನಯಾಜ್ ಕಾಲೇಜಿನ ದಿನಗಳಲ್ಲಿ ತುಂಬಿಟ್ಟಿದ್ದ ಹಾಡುಗಳು, ಯಾರಿಗೂ ಬೇಡವಾದ ಫೋಟೋಗಳು ಇದ್ದವು. ಅದನ್ನು ತೆಗೆಯಬೇಕೆಂದು ಎಷ್ಟೋ ದಿನದಿಂದ ಅಂದುಕೊಂಡಿದ್ದಳು.

"ಇ ಇದೆಯಲ್ಲ, ಅದರಲ್ಲಿ ಬರೀ ಹಳೇ ಹಾಡು, ಬೇಡದ್ದು. ಅದನ್ನ ಪೂರ್ತಿ ಫಾರ್ಮ್ಯಾಟ್ ಮಾಡ್ಬಿಡು," ಎಂದಳು.

ಆ ಕಡೆ ಮೌಸ್ ಒತ್ತಿದ ಸದ್ದು ಕೇಳಿಸಿತು. "ಹಾಡು ಯಾವ್ದೂ ಕಾಣಿಸ್ತಿಲ್ಲ ಹಂಸಕ್ಕ. ಬರೀ ಬಿಳೀ ಹಾಳೆ ಥರ ಏನೇನೋ ಇದೆ. ಒತ್ತಿದ್ರೆ ತೆರೆಯೋದೇ ಇಲ್ಲ."

ಅಷ್ಟರಲ್ಲಿ ನರ್ಸ್ ಮುನಿಶಾಮಮ್ಮನ ಹೆಸರು ಕರೆದಳು. ಹಂಸ ಒಂದು ಕೈಯಲ್ಲಿ ಅತ್ತೆಯ ತೋಳು ಹಿಡಿದು ಎದ್ದಳು.

"ತೆರೆಯದೇ ಇರೋದು ಇಟ್ಕೊಂಡು ಏನ್ ಮಾಡ್ತೀಯ? ಅದೇ ಅದು. ಧೈರ್ಯವಾಗಿ ಮಾಡು," ಎಂದು ಹೇಳಿ ಫೋನ್ ಇಟ್ಟಳು.

ಮರುದಿನ ಎಂದಿನಂತೆ ಎಂ.ಜಿ. ರಸ್ತೆಯಲ್ಲಿ ಇಳಿದು, ಕಾಮರಾಜ್ ರಸ್ತೆ ಹಿಡಿದು ನಡೆದು ಅಂಗಡಿಗೆ ಬಂದಳು. ಅಹ್ಮದ್ ಪಾಷಾ ಕಹಳೆಯ ಬ್ಯಾಡ್ಜು ಹೊಲಿಸುತ್ತಿದ್ದರು. ಹಂಸ ಕಂಪ್ಯೂಟರ್ ಹಾಕಿ, ಹಳೆಯ ವಿಂಡೋಸ್ ಆರಿಸಿಕೊಂಡು, ಟಿಫಿನ್ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬಂದು ಡಿ ಡ್ರೈವ್ ತೆರೆದಳು. ಅದರಲ್ಲಿ ಏನೂ ಇರಲಿಲ್ಲ.

ಮುಚ್ಚಿ ಮತ್ತೆ ತೆರೆದಳು. ಆರಿಸಿ ಮತ್ತೆ ಹಾಕಿದಳು. ಈ ಫೋಲ್ಡರಿನಲ್ಲಿ ಏನೂ ಇಲ್ಲ ಎಂದು ಪರದೆ ಅದೇ ತಣ್ಣಗಿನ ಅಕ್ಷರಗಳಲ್ಲಿ ಹೇಳಿತು. ಇಷ್ಟು ವರ್ಷ ಅವಳು ಕೂತು ಮಾಡಿದ ಡಿಸೈನುಗಳೆಲ್ಲ ಇದ್ದದ್ದು ಆ ಡಿ ಡ್ರೈವಿನಲ್ಲೇ. ಹಂಸ ಕೂಗಲಿಲ್ಲ. ಎದ್ದು ಮೆಟ್ಟಿಲ ಬಳಿ ಹೋಗಿ ಆಪಾ, ಒಂದು ನಿಮಿಷ ಕೆಳಗೆ ಬನ್ನಿ ಎಂದಷ್ಟೇ ಕರೆದಳು.

ಖುರ್ಷೀದಾ ಬಂದರು. ಹಿಂದೆಯೇ ಮಿಸ್ಬಾ. ಡಿ ಖಾಲಿಯಾಗಿದೆ ಎಂದು ಹಂಸ ಹೇಳಿದಾಗ, ತಾನು ಡಿ ಮುಟ್ಟಲೇ ಇಲ್ಲ, ಇ ಮಾತ್ರ ಫಾರ್ಮ್ಯಾಟ್ ಮಾಡಿದ್ದು ಎಂದಳು ಮಿಸ್ಬಾ. ಹಂಸ ಮೌಸ್ ಹಿಡಿದು ಇ ತೆರೆದು ತೋರಿಸಿದಳು. ನಯಾಜನ ಹಾಡುಗಳು ಒಂದೂ ಕದಲದೆ ಸಾಲಾಗಿ ಕೂತಿದ್ದವು. ಅಳಿಸಿದೆ ಎಂದದ್ದು ಇದೆ, ಮುಟ್ಟಲಿಲ್ಲ ಎಂದದ್ದು ಹೋಗಿದೆ. ಇನ್ನು ಹೇಳಲು ಏನಿತ್ತು? ಮಿಸ್ಬಾ ಪರದೆಯನ್ನೇ ನೋಡುತ್ತ ನಿಂತಳು.

ಖುರ್ಷೀದಾ ಬೈಯುವ ಹೆಂಗಸಲ್ಲ. ಆದರೆ ಅವರ ಮುಖ ಗಟ್ಟಿಯಾಯಿತು. ಕೆಲಸದಲ್ಲಿ ಅಡ್ಡಾದಿಡ್ಡಿ ಅನ್ನುವುದನ್ನು ಮೊದಲೇ ಕೇಳಿದ್ದೆ ಎನ್ನುವಂತೆ ಒಮ್ಮೆ ಹಂಸಳ ಕಡೆ ನೋಡಿ, ಸೊಸೆಗೆ ದಖನಿಯಲ್ಲಿ ನಾಲ್ಕೇ ಮಾತು ಹೇಳಿದರು. ಬಿಲ್ಲನ್ನು ಇನ್ನು ತಾವೇ ಕೈಯಲ್ಲಿ ಬರೆಯುತ್ತಾರೆ, ಅವಳು ಕೆಳಗೆ ಬರುವುದು ಬೇಡ. ಮಿಸ್ಬಾ ಸೆರಗು ತಲೆಯ ಮೇಲೆ ಎಳೆದುಕೊಂಡು ಮೆಟ್ಟಿಲು ಹತ್ತಿ ಹೋದಳು.

ಆ ವಾರದ ಕೆಲಸಕ್ಕೆ ತೊಂದರೆ ಇಲ್ಲ ಎಂದು ಅಹ್ಮದ್ ಪಾಷಾ ಸಮಾಧಾನ ಹೇಳಿದರು. ಈಗ ನಡೆಯುತ್ತಿರುವ ಡಿಸೈನುಗಳು ಮಷಿನ್ನಿನ ಹೊಟ್ಟೆಯಲ್ಲೇ ಇವೆ. ಆದರೆ ಹಳೆಯ ಗಿರಾಕಿ ಬಂದು ಹೋದ ವರ್ಷದ್ದೇ ಬ್ಯಾಡ್ಜು ಬೇಕು ಎಂದರೆ ಏನು ಮಾಡುವುದು, ಅದನ್ನು ಅವರೂ ಹೇಳಲಿಲ್ಲ, ಖುರ್ಷೀದಾ ಅವರೂ ಕೇಳಲಿಲ್ಲ.

ಮಧ್ಯಾಹ್ನದವರೆಗೆ ಹಂಸ ಸುಮ್ಮನೆ ಕೂತಿದ್ದಳು. ಹುಡುಗಿಯ ಮೇಲೆ ಸಿಟ್ಟು ಇತ್ತು. ಜೊತೆಗೆ, ತನ್ನ ಅಂದಾಜು ಸರಿಯಾಗಿತ್ತಲ್ಲ ಎಂಬ ಒಂದು ಸಣ್ಣ ಹೆಮ್ಮೆಯೂ ಇತ್ತು. ಅದನ್ನು ಅವಳು ತನಗೇ ಒಪ್ಪಿಕೊಳ್ಳುವಂತಿರಲಿಲ್ಲ. ಊಟದ ಡಬ್ಬಿ ತೆರೆದು ಎರಡು ತುತ್ತು ತಿಂದಳು. ಆಗ ಫೋನಿನಲ್ಲಿ ಕೇಳಿದ ಮಾತು ನೆನಪಾಯಿತು. ಬಿಳೀ ಹಾಳೆ ಥರ. ಹಾಡಿನ ಫೈಲುಗಳು ಬಿಳೀ ಹಾಳೆಯ ಹಾಗೆ ಕಾಣುವುದಿಲ್ಲ, ಒತ್ತಿದರೆ ಹಾಡುತ್ತವೆ. ಫೋಟೋ ಒತ್ತಿದರೆ ತೆರೆಯುತ್ತದೆ. ಹಾಗಿದ್ದರೆ ಹುಡುಗಿ ನೋಡಿದ್ದು ಏನನ್ನು? ನೋಡದೇ ಇದ್ದದ್ದನ್ನು ಸುಳ್ಳು ಕಟ್ಟಿ ಹೇಳುವವಳು ಬಿಳೀ ಹಾಳೆ ಅನ್ನುವುದನ್ನು ಎಲ್ಲಿಂದ ತರುತ್ತಾಳೆ?

ಕೈ ತೊಳೆದು ಬಂದು ಕಂಪ್ಯೂಟರನ್ನು ಆರಿಸಿ ಹಾಕಿದಳು. ಪರದೆ ಯಾವುದು ಬೇಕು ಎಂದು ಕೇಳಿದಾಗ ಮೊದಲ ಸಲ ಹೊಸ ವಿಂಡೋಸನ್ನು ಆರಿಸಿಕೊಂಡಳು. ಬೇರೆಯವರ ಮನೆಯ ಅಡಿಗೆಮನೆಗೆ ಕಾಲಿಟ್ಟ ಹಾಗಾಯಿತು. ಯಾವ ವಸ್ತು ಎಲ್ಲಿದೆ ಎಂದು ತಡಕಾಡಿ ಕೊನೆಗೆ ಡ್ರೈವುಗಳ ಪಟ್ಟಿ ತೆರೆದಳು. ಅವಳ ಕಡೆ ಮೂರೇ ಇದ್ದವು, ಇಲ್ಲಿ ನಾಲ್ಕು; ಹೊಸ ಡಿಸ್ಕ್ ಹಳೆಯ ವಿಂಡೋಸಿನ ಕಣ್ಣಿಗೆ ಬೀಳುತ್ತಿರಲಿಲ್ಲ. ಸಿ ತೆರೆದಳು. ಅದು ಹೊಸ ವಿಂಡೋಸೇ. ಡಿ ತೆರೆದಳು. ಒಳಗೆ ಡಿಸೈನುಗಳ ಜಾಗವಿರಲಿಲ್ಲ, ಅವಳು ದಿನಾ ಕೂರುವ ಹಳೆಯ ವಿಂಡೋಸೇ ಇತ್ತು, ಅವಳು ಸಿ ಎಂದು ಕರೆಯುತ್ತಿದ್ದದ್ದು. ಅದರೊಳಗೆ ಒಂದು ಕಡೆ ಮಿಸ್ಬಾ ಮಾಡಿಟ್ಟ ಫೋಲ್ಡರ್. ಅದರಲ್ಲಿ ಬಳ್ಳಿಯ ಫೋಟೋ, ಹಾಕಿದೆ ಎಂದು ಮಿಸ್ಬಾ ಹೇಳಿದ್ದ ಅದೇ ದಿನದ ತಾರೀಖಿನೊಂದಿಗೆ. ಎಫ್ ತೆರೆದಳು. ನಯಾಜನ ಹಾಡುಗಳು.

ಇ ತೆರೆಯುವ ಮೊದಲೇ ಅವಳಿಗೆ ಅರ್ಥವಾಗಿತ್ತು. ಆದರೂ ತೆರೆದಳು. ಖಾಲಿ.

ಡಿಸ್ಕಿನ ಮೇಲೆ ಎಲ್ಲಿಯೂ ಸಿ, ಡಿ, ಇ ಎಂದು ಬರೆದಿರುವುದಿಲ್ಲ. ತೆರೆದುಕೊಂಡ ವಿಂಡೋಸ್ ಮೊದಲು ತನ್ನನ್ನು ಸಿ ಎಂದು ಕರೆದುಕೊಂಡು, ಮಿಕ್ಕವಕ್ಕೆ ತನಗೆ ಕಂಡ ಸರದಿಯಲ್ಲಿ ಅಕ್ಷರ ಹಂಚುತ್ತದೆ, ಹಂಚಿದ್ದನ್ನು ತನ್ನಲ್ಲೇ ನೆನಪಿಟ್ಟುಕೊಳ್ಳುತ್ತದೆ. ಇನ್ನೊಂದು ಏನೆಂದು ಕರೆಯುತ್ತದೆ ಎಂದು ಅದು ಕೇಳುವುದೇ ಇಲ್ಲ. ಹಂಸಳ ಡಿ ಮಿಸ್ಬಾಳಿಗೆ ಇ ಆಗಿತ್ತು. ಬಿಳೀ ಹಾಳೆಗಳು ಹಂಸಳ ಡಿಸೈನುಗಳೇ. ಅವನ್ನು ತೆರೆಯುವ ಸಾಫ್ಟ್‌ವೇರ್ ಹೊಸ ಕಡೆ ಇರಲಿಲ್ಲ, ಹಾಗಾಗಿ ಗುರುತಿಲ್ಲದ ಫೈಲುಗಳಿಗೆ ಕೊಡುವ ಬಿಳೀ ಮುಖವನ್ನು ಅವಕ್ಕೂ ಕೊಟ್ಟಿತ್ತು. ಹುಡುಗಿ ತನಗೆ ಹೇಳಿದ ಮಾತು ಕೇಳಿದ್ದಾಳೆ, ಕಂಡದ್ದನ್ನು ಹೇಳಿದ್ದಾಳೆ, ಎರಡನೇ ಸಲವೂ ಕೇಳಿಯೇ ಕೈ ಹಾಕಿದ್ದಾಳೆ.

ಅಹ್ಮದ್ ಪಾಷಾ ದಾರ ಬದಲಿಸಲು ಮಷಿನ್ ನಿಲ್ಲಿಸಿದರು, ಮತ್ತೆ ಶುರು ಮಾಡಿದರು. ಹಂಸ ಕಂಪ್ಯೂಟರ್ ಆರಿಸಿ ಮನೆಗೆ ಹೋಗಿಬಿಟ್ಟರೆ ಯಾರೂ ಏನೂ ಕೇಳುವವರಿರಲಿಲ್ಲ. ನಯಾಜ್ ಆಫೀಸಿನ ಕೆಲಸದ ಮೇಲೆ ಹೊಸೂರಿನಲ್ಲಿದ್ದ, ಬರುವುದು ವಾರದ ಕೊನೆಗೆ. ಅವನು ಬಂದಾಗ ತಾನಾಗಿಯೇ ಗೊತ್ತಾಗುತ್ತದೆ, ಆಗ ನೋಡಿಕೊಂಡರಾಯಿತು ಎಂದೂ ಒಮ್ಮೆ ಅನ್ನಿಸಿತು. ಆದರೆ ಅಷ್ಟು ದಿನ ಆ ಹುಡುಗಿ ಮೇಲಿನ ಮನೆಯಲ್ಲಿ ಏನು ಯೋಚಿಸುತ್ತ ಕೂತಿರುತ್ತಾಳೆ ಎಂಬುದು ಕಣ್ಣಿಗೆ ಕಟ್ಟಿತು. ಹಂಸ ಎದ್ದಳು.

ಮೇಲೆ ಖುರ್ಷೀದಾ ಆಗಷ್ಟೇ ನಮಾಜು ಮುಗಿಸಿ ಚಾಪೆ ಮಡಿಸುತ್ತಿದ್ದರು. ಮಿಸ್ಬಾ ಅಡಿಗೆಮನೆಯ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಇಬ್ಬರನ್ನೂ ಕೆಳಗೆ ಕರೆದಳು ಹಂಸ. ಖುರ್ಷೀದಾ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಮೊದಲು ಹೊಸ ವಿಂಡೋಸಿನಲ್ಲಿ ನಾಲ್ಕೂ ಡ್ರೈವುಗಳನ್ನು ತೆರೆದು ತೋರಿಸಿದಳು. ಆಮೇಲೆ ಆರಿಸಿ, ಹಳೆಯದನ್ನು ಹಾಕಿ, ಅವೇ ಹಾಡುಗಳು ಬೇರೆ ಅಕ್ಷರದ ಕೆಳಗೆ ಕೂತಿರುವುದನ್ನು ತೋರಿಸಿದಳು. ಖುರ್ಷೀದಾ ಎರಡು ಸಲ ನೋಡಿದರು. ಮೂರನೆಯ ಸಲ ಬೇಕಾಗಲಿಲ್ಲ.

"ನಮ್ಮ ಗಲ್ಲಿ ಮನೆ ನಂಬರ್ ಇದ್ದ ಹಾಗೆ," ಎಂದರು. "ಕಾರ್ಪೊರೇಷನ್‌ನೋರು ಹೊಸ ನಂಬರ್ ಹಾಕಿದಾಗ ನಮ್ದು ಪಕ್ಕದ ಮನೇದಾಯ್ತು. ಒಂದು ವರ್ಷ ನಮ್ಮ ಗ್ಯಾಸ್ ಸಿಲಿಂಡರ್ ಅವ್ರ ಮನೆಗೆ ಹೋಗ್ತಿತ್ತು. ಸರಿ, ಇಬ್ರೂ ಅವರವರ ನಂಬರ್ ಸರಿಯಾಗೇ ಹೇಳಿದೀರ. ತಪ್ಪು ಯಾರ್ದೂ ಅಲ್ಲ ಬಿಡು."

ಅಲ್ಲಿಗೆ ಬಿಟ್ಟಿದ್ದರೆ ಹಂಸಳಿಗೂ ಸುಲಭವಾಗುತ್ತಿತ್ತು.

"ಹಾಗಲ್ಲ ಆಪಾ," ಎಂದಳು. "ಅವ್ಳು ಕೇಳಿದ್ಲು. ಹಾಡು ಕಾಣಿಸ್ತಿಲ್ಲ, ಬಿಳೀ ಹಾಳೆ ಇದೆ ಅಂತ ಸರಿಯಾಗೇ ಹೇಳಿದ್ಲು. ನಾನೇ ಕೇಳಿಸ್ಕೊಳ್ಳದೆ ಮಾಡು ಅಂದೆ. ಆ ಬಳ್ಳಿ ಫೋಟೋ ವಿಷ್ಯದಲ್ಲೂ ಅಷ್ಟೆ, ಅವ್ಳು ಹೇಳಿದ ದಿನವೇ ಹಾಕಿದ್ಲು. ನಾನು ನಿಮ್ಮ ಹತ್ರ ಅವಳ ಬಗ್ಗೆ ಹಾಗೆ ಹೇಳ್ಬಾರದಿತ್ತು."

ಮಿಸ್ಬಾ ಬೆರಳಿಗೆ ಅಂಟಿದ್ದ ಸೊಪ್ಪಿನ ಎಳೆಯೊಂದನ್ನು ನಿಧಾನವಾಗಿ ತೆಗೆದಳು.

"ಬೆಳಗ್ಗೆಯಿಂದ ನಾನೇ ಯೋಚ್ನೆ ಮಾಡ್ತಿದ್ದೆ ಹಂಸಕ್ಕ, ಡಿ ಒತ್ತಿ ಇ ಅಂದ್ಕೊಂಡ್ನೇನೋ ಅಂತ," ಎಂದಳು. "ನನ್ನ ಕಣ್ಣನ್ನೇ ನಾನು ನಂಬದ ಹಾಗಾಗಿತ್ತು."

ಅದನ್ನು ಅವಳು ದೂರುವ ದನಿಯಲ್ಲಿ ಹೇಳಲಿಲ್ಲ. ಆದ್ದರಿಂದಲೇ ಹಂಸಳಿಗೆ ಹೆಚ್ಚು ನಾಟಿತು. ಖುರ್ಷೀದಾ ಕುರ್ಚಿಯಿಂದ ಎದ್ದರು. ಸೊಸೆಯ ಭುಜ ಹಿಡಿದು, ದಖನಿಯಲ್ಲಿ ಏನೋ ಮೆಲ್ಲಗೆ ಹೇಳಿ, ಆ ಕುರ್ಚಿಯಲ್ಲೇ ಕೂರಿಸಿದರು. ಆಮೇಲೆ ಚಹಾ ಮಾಡಲು ತಾವೇ ಮೇಲೆ ಹೋದರು. ಮೂರು ಲೋಟ ತಂದು ಮೊದಲಿನದನ್ನು ಮಿಸ್ಬಾಳ ಮುಂದೆ ಇಟ್ಟರು.

ನಯಾಜನಿಗೆ ಫೋನ್ ಮಾಡಿದಾಗ ಅವನು ಎಲ್ಲವನ್ನೂ ಕೇಳಿ, ಮೊದಲು ಕಂಪ್ಯೂಟರ್ ಆರಿಸಿಬಿಡಿ, ತಾನು ಬರುವವರೆಗೆ ಯಾರೂ ಹಾಕಬೇಡಿ ಎಂದ. ಡಿಸೈನುಗಳಿದ್ದದ್ದು ಹಳೆಯ ಡಿಸ್ಕಿನಲ್ಲಿ. ಬೇಗನೆ ಮುಗಿಯುವ ಫಾರ್ಮ್ಯಾಟ್ ಮಾಡಿದರೆ ಯಾವುದು ಎಲ್ಲಿದೆ ಎನ್ನುವ ಗುರುತು ಹೋಗುತ್ತದೆಯೇ ಹೊರತು ಒಳಗಿರುವುದು ತಕ್ಷಣ ಹೋಗುವುದಿಲ್ಲ. ಅದರ ಮೇಲೆ ಹೊಸದೇನಾದರೂ ಬಂದು ಕೂತರೆ ಮಾತ್ರ ಕಷ್ಟ. ಬ್ಯಾಂಡಿನವರ ಫೋಟೋಗಳನ್ನು ಅಲ್ಲಿ ಇಳಿಸಿಕೊಂಡೆಯಾ ಎಂದು ಹೆಂಡತಿಯನ್ನು ಕೇಳಿದ. ಇಲ್ಲ, ಅಷ್ಟರಲ್ಲಿ ಕರೆಂಟ್ ಹೋಗಿತ್ತು, ಇವತ್ತು ಬೆಳಗ್ಗೆ ಬಿಲ್ಲಿನ ಗಡಿಬಿಡಿಯಲ್ಲಿ ಆಗಲಿಲ್ಲ ಎಂದಳು ಮಿಸ್ಬಾ. ಆ ಕಡೆಯಿಂದ ಅವನು ಉಸಿರು ಬಿಟ್ಟದ್ದು ಮೂವರಿಗೂ ಕೇಳಿಸಿತು.

ಭಾನುವಾರ ಅವನು ಅಂಗಡಿಯಲ್ಲೇ ಕೂತು, ಆಫೀಸಿನಿಂದ ತಂದಿದ್ದ ಸಾಫ್ಟ್‌ವೇರ್ ಓಡಿಸಿ, ಸಿಕ್ಕಿದ್ದನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿದ. ಬಹುಪಾಲು ಬಂದವು. ಕೆಲವು ಹೆಸರಿನ ಸಮೇತ ಬಂದವು. ಎಷ್ಟೋ ಫೈಲುಗಳು ಬರೀ ನಂಬರ್ ಹೊತ್ತುಕೊಂಡು ಬಂದವು, ಯಾವುದು ಯಾರದೆಂದು ಹೊರಗಿನಿಂದ ತಿಳಿಯುವಂತಿರಲಿಲ್ಲ. ಕೆಲವು ತೆರೆಯಲೇ ಇಲ್ಲ. ಹಾಗೆ ಹೋದವುಗಳಲ್ಲಿ ಹಂಸ ಕಲಿಯುವ ದಿನಗಳಲ್ಲಿ ಮೊದಲು ಪೂರ್ತಿಗೊಳಿಸಿದ ನವಿಲೂ ಒಂದು. ಅದನ್ನು ಯಾವ ಗಿರಾಕಿಯೂ ಮತ್ತೆ ಕೇಳಿದವರಲ್ಲ. ಆದರೂ ಅದರ ಕತ್ತಿನ ಬಾಗನ್ನು ಅವಳು ಆ ದಿನ ಪರದೆಯ ಮೇಲೆ ಹುಡುಕಿಯೇ ಹುಡುಕಿದಳು.

ಮುಂದಿನ ದಿನಗಳಲ್ಲಿ ಮಧ್ಯಾಹ್ನ ಊಟವಾದ ಮೇಲೆ ಮೂವರೂ ಕಂಪ್ಯೂಟರಿನ ಮುಂದೆ ಕೂರುವುದು ರೂಢಿಯಾಯಿತು. ಹಂಸ ಒಂದೊಂದೇ ಫೈಲನ್ನು ತೆರೆಯುವುದು, ಅದು ಯಾವುದೆಂದು ಗುರುತಿಸುವುದು, ಮಿಸ್ಬಾ ಅದಕ್ಕೆ ಹೆಸರು ಹಾಕುವುದು. ಗುರುತಿಸುವುದರಲ್ಲಿ ಹಂಸಳಿಗಿಂತ ಖುರ್ಷೀದಾ ಮುಂದು ಎಂಬುದು ಆಗ ಗೊತ್ತಾಯಿತು. ಡಿಸೈನಿನ ಒಂದು ಮೂಲೆ ಕಂಡರೆ ಸಾಕು, ಇದು ಟ್ಯಾನರಿ ರಸ್ತೆಯ ಹಮೀದಾಳ ಮಗಳ ನಿಕಾಹ್‌ಗೆ ಮಾಡಿದ ದುಪಟ್ಟಾ ಅಂಚು, ಮದುವೆ ಒಂದು ತಿಂಗಳು ಮುಂದಕ್ಕೆ ಹೋಗಿತ್ತು, ಹುಡುಗನ ಅಜ್ಜ ತೀರಿಕೊಂಡಿದ್ದರು ಎಂದು ಕತೆಯನ್ನೇ ಶುರು ಮಾಡುತ್ತಿದ್ದರು. ಇನ್ನೊಂದು ಹಲಸೂರಿನ ಕೆರೆಯ ಹತ್ತಿರದ ಶಾಲೆಯ ಬ್ಯಾಡ್ಜು. ಅದರಲ್ಲಿ ಹಂಸ ಒಂದು ಅಕ್ಷರ ತಪ್ಪಾಗಿ ಹೊಲಿಸಿದ್ದಳಂತೆ, ಆಮೇಲೆ ಇಬ್ಬರೂ ಕೂತು ಇಡೀ ಕಟ್ಟನ್ನು ಬಿಚ್ಚಿದ್ದರಂತೆ. ಮಿಸ್ಬಾ ನಕ್ಕಳು. ಅವಳು ಅಷ್ಟು ಬಾಯಿ ತುಂಬ ನಗುತ್ತಾಳೆ ಎಂಬುದು ಹಂಸಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಹೆಸರಿಡುವಾಗ ಒಂದು ಸಣ್ಣ ಎಳೆದಾಟವಾಯಿತು. ಹಂಸ ಇಷ್ಟು ವರ್ಷವೂ ಎರಡಕ್ಷರ, ಒಂದು ಸಂಖ್ಯೆ ಸೇರಿಸಿ ತನಗೆ ಮಾತ್ರ ತಿಳಿಯುವ ಹಾಗೆ ಹೆಸರಿಟ್ಟಿದ್ದಳು. ಗಿರಾಕಿಯ ಹೆಸರು, ಊರಿನ ಭಾಗ, ಏನು ಎಂಬುದು, ಎಲ್ಲವನ್ನೂ ಪೂರ್ತಿ ಬರೆಯೋಣ ಎಂದಳು ಮಿಸ್ಬಾ. ಅಷ್ಟುದ್ದ ಯಾರು ಟೈಪ್ ಮಾಡುತ್ತಾರೆ ಎಂದು ಹಂಸ ವಾದಿಸಿದಳು. ನಾನು ಮಾಡುತ್ತೇನೆ ಎಂದಳು ಹುಡುಗಿ. ಇನ್ನು ಮೇಲೆ ಯಾರು ಬೇಕಾದರೂ ಯಾವ ಡಿಸೈನನ್ನು ಬೇಕಾದರೂ ಹುಡುಕಿ ತೆಗೆಯಬಹುದು, ಹಂಸ ಬರಲಿ ಎಂದು ಕಾಯುವವರು ಇರುವುದಿಲ್ಲ. ಆ ಯೋಚನೆ ಒಂದು ಸಲ ಎದೆಯ ಒಳಗೆ ಚುರುಕ್ಕೆಂದಿತು. ಆದರೆ ಅತ್ತೆಯ ಕಣ್ಣಿನ ಆಪರೇಷನ್ನಿಗೆ ರಜೆ ಹಾಕಬೇಕಿತ್ತು. ಈ ಸಲ ಆಸ್ಪತ್ರೆಯಲ್ಲಿ ಫೋನ್ ಬರುವುದಿಲ್ಲ ಎಂದುಕೊಂಡಾಗ ಮನಸ್ಸು ಸ್ವಲ್ಪ ಹಗುರವೂ ಆಯಿತು.

ಅಕ್ಷರಗಳ ತಂಟೆಯನ್ನು ಬಗೆಹರಿಸಿದವಳು ಮಿಸ್ಬಾ. ಹೇಗೆಂದು ನಯಾಜ್ ಹೇಳಿಕೊಟ್ಟಿದ್ದ. ಅವಳು ಮೊದಲು ಹೊಸ ವಿಂಡೋಸಿನಲ್ಲಿ ಡಿಸೈನುಗಳ ಜಾಗಕ್ಕೆ ಕೆ ಎಂಬ ಅಕ್ಷರ ಕೊಟ್ಟಳು. ಆರಿಸಿ ಹಳೆಯದನ್ನು ಹಾಕಿ ನೋಡಿದರೆ ಅಲ್ಲಿ ಅದು ಇನ್ನೂ ಡಿ ಆಗಿಯೇ ಇತ್ತು. ಒಂದರಲ್ಲಿ ಬದಲಿಸಿದ್ದು ಇನ್ನೊಂದಕ್ಕೆ ಮುಟ್ಟುವುದೇ ಇಲ್ಲ. ಅಲ್ಲಿಯೂ ಕೆ ಎಂದು ಬದಲಿಸಿದಾಗ ಎಂಬ್ರಾಯ್ಡರಿಯ ಸಾಫ್ಟ್‌ವೇರ್ ತನ್ನ ದಾರದ ಬಣ್ಣಗಳ ಪಟ್ಟಿ ಕಾಣಿಸುತ್ತಿಲ್ಲ ಎಂದು ಹಟ ಹಿಡಿಯಿತು. ಅದಕ್ಕೆ ಡಿ ಎಂದರೆ ಡಿ. ಕೊನೆಗೆ ಹಳೆಯ ಕಡೆ ಮತ್ತೆ ಡಿ ಮಾಡಿ, ಹೊಸ ಕಡೆ ಡಿ ಎಂದು ಕೂತಿದ್ದ ಹಳೆಯ ವಿಂಡೋಸಿಗೆ ದೂರದ ಅಕ್ಷರವೊಂದನ್ನು ಕೊಟ್ಟು ಸರಿಸಿ, ತೆರವಾದ ಡಿ ಅನ್ನು ಡಿಸೈನುಗಳಿಗೆ ಕೊಟ್ಟಳು. ಈಗ ಎರಡೂ ಕಡೆ ಡಿ ಎಂದರೆ ಒಂದೇ.

ಅದೂ ಸಾಲದೆಂದು ಪ್ರತಿ ಜಾಗಕ್ಕೂ ಒಂದೊಂದು ಹೆಸರಿಟ್ಟಳು. ಡಿಸೈನ್, ಹಾಡು, ಹಳೆ ವಿಂಡೋಸ್, ಹೊಸ ವಿಂಡೋಸ್. ಅಕ್ಷರದ ಹಾಗಲ್ಲ ಹೆಸರು. ಅದು ಡಿಸ್ಕಿನ ಮೇಲೆಯೇ ಬರೆದಿರುತ್ತದೆ, ಯಾವ ಕಡೆಯಿಂದ ತೆರೆದರೂ ಅದೇ ಕಾಣುತ್ತದೆ. ಹಂಸ ನಂಬದೆ ತಾನೇ ಆರಿಸಿ ಹಾಕಿ ಎರಡೂ ಕಡೆ ನೋಡಿದಳು. ಡಿ, ಪಕ್ಕದಲ್ಲಿ ಡಿಸೈನ್. ಇಲ್ಲಿಯೂ ಹಾಗೆ, ಅಲ್ಲಿಯೂ ಹಾಗೆ.

ಮುನಿಶಾಮಮ್ಮನ ಆಪರೇಷನ್ ಚೆನ್ನಾಗಿ ಆಯಿತು. ರಜೆ ಮುಗಿಸಿ ಹಂಸ ಬಂದ ದಿನ ಅಂಗಡಿಯಲ್ಲಿ ಏನೂ ಅಡಚಣೆಯಾಗಿರಲಿಲ್ಲ. ಬೇಕಾದ ಬ್ಯಾಡ್ಜನ್ನು ಮಿಸ್ಬಾ ಹುಡುಕಿ ಪೆನ್ ಡ್ರೈವಿಗೆ ಹಾಕಿಕೊಟ್ಟಿದ್ದಳು, ಅಹ್ಮದ್ ಪಾಷಾ ಹೊಲಿಸಿ ಮುಗಿಸಿದ್ದರು. ಬಿಲ್ಲಿನ ಕೆಲಸ ಮುಗಿದಿದ್ದರೂ ಮಿಸ್ಬಾ ಮೇಲೆ ಹೋಗಿರಲಿಲ್ಲ. ಹಳೆಯ ವಿಂಡೋಸನ್ನು ತಾನೇ ಹಾಕಿಟ್ಟು ಕಾಯುತ್ತಿದ್ದಳು. ಒಂದು ಎಲೆಯನ್ನು ಹೇಗೆ ಮಾಡುವುದೆಂದು ಹೇಳಿಕೊಡುತ್ತೀರಾ ಎಂದು ಕೇಳಿದಳು, ಬಳ್ಳಿ ಬೇಡ, ಬರೀ ಒಂದು ಎಲೆ.

ಹಂಸ ಕೂಡಲೇ ಹೂಂ ಅನ್ನಲಿಲ್ಲ. ಚೀಲವನ್ನು ಕಪಾಟಿನಲ್ಲಿಟ್ಟಳು, ನೀರು ಕುಡಿದಳು. ಆಮೇಲೆ ಗಿರಾಕಿಗಳ ಕುರ್ಚಿಯೊಂದನ್ನು ಎಳೆದುಕೊಂಡು ಮಿಸ್ಬಾಳ ಪಕ್ಕ ಕೂತು ಹೇಳಿಕೊಟ್ಟಳು. ಹುಡುಗಿ ಗೆರೆ ಎಳೆದಳು, ಹೊಲಿಗೆ ತುಂಬಿದಳು. ಪರದೆಯ ಮೇಲೆ ಎಲೆ ನೋಡಲು ಚೆನ್ನಾಗಿಯೇ ಇತ್ತು. ಅಹ್ಮದ್ ಪಾಷಾ ಹಳೆಯ ಬಟ್ಟೆಯ ತುಂಡುಗಳನ್ನು ಬಿಗಿದು ಮಷಿನ್ ಶುರು ಮಾಡಿದರು. ಹೊಲಿದು ಬಂದ ಆರೂ ಎಲೆಗಳು ನಡುವೆ ಸುಕ್ಕುಗಟ್ಟಿ ದೋಣಿಯ ಹಾಗೆ ಮಡಚಿಕೊಂಡಿದ್ದವು.

ಮಿಸ್ಬಾ ಒಂದನ್ನು ಕೈಗೆತ್ತಿಕೊಂಡು ನೋಡಿ ಮುಖ ಸಣ್ಣಗೆ ಮಾಡಿದಳು. ಹಂಸ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದಳು.

"ಎಲ್ಲಾ ಹೊಲಿಗೆನೂ ಒಂದೇ ಕಡೆಗೆ ಎಳೀತಿದೆ, ಅದಕ್ಕೆ," ಎಂದಳು. "ನಡುವಿನ ನರದಿಂದ ಆ ಕಡೆ ಅರ್ಧ, ಈ ಕಡೆ ಅರ್ಧ ಮಾಡು. ಬಾ, ಕೂತ್ಕೋ, ಮೊದಲಿಂದ ಮಾಡೋಣ."